ಇತಿಹಾಸದ ಪಿರಿಯಡ್‌ನಲ್ಲಿ ಲೆಕ್ಕ ಮಾಡಿಸುವುದು ಹೇಗೆ: ಕಲಬುರಗಿ ಸೀಮೆಯ ಹೈಸ್ಕೂಲ್ ಮಾಸ್ತರರಿಗೆ ಹಂತ ಹಂತದ ಮಾರ್ಗದರ್ಶಿ

ಬಹಮನಿ ರಾಜ್ಯ ಯಾವಾಗ ಹುಟ್ಟಿತು ಅಂತ ಕೇಳಿದರೆ ನಮ್ಮ ಹೈಸ್ಕೂಲ್ ಮಕ್ಕಳು ತಟ್ಟನೆ 1347 ಅನ್ನುತ್ತಾರೆ. ಅದು ಎಷ್ಟನೇ ಶತಮಾನ, ಬಸವಣ್ಣನವರ ಕಾಲ ಅದಕ್ಕಿಂತ ಹಿಂದೆಯೋ ಮುಂದೆಯೋ, ಎಷ್ಟು ತಲೆಮಾರು ಹಿಂದೆ ಅಂತ ಕೇಳಿದರೆ ಅರ್ಧ ಕ್ಲಾಸು ಸುಮ್ಮನಾಗುತ್ತದೆ. ಇಸವಿ ಬಾಯಿಗೆ ಬಂದಿದೆ, ಅದರ ಅಳತೆ ತಲೆಗೆ ಬಂದಿಲ್ಲ. ಇದು ಗಣಿತದ ಮಾಸ್ತರರು ಸರಿ ಮಾಡಬೇಕಾದ ಕೆಲಸ ಅಂತ ನಾವು ಸಮಾಜ ವಿಜ್ಞಾನದವರು ಕೈಬಿಡುತ್ತೇವೆ. ಆದರೆ ಮಕ್ಕಳು ಎಡವುತ್ತಿರುವುದು ಇತಿಹಾಸದಲ್ಲೇ. ಹಾಗಾಗಿ ಅದನ್ನು ನಮ್ಮ ಪಾಠದಲ್ಲೇ ಕಲಿಸಬೇಕು.

ಕಲಬುರಗಿ, ಬೀದರ, ಯಾದಗಿರಿ ಕಡೆ ಪಾಠ ಮಾಡುವವರಿಗೆ ಇದಕ್ಕೆ ಸಾಮಗ್ರಿಯ ಕೊರತೆ ಇಲ್ಲ. ಕೋಟೆ, ಮಸೀದಿ, ಶಾಸನ, ಮನೆಯಲ್ಲಿರುವ ಹಳೇ ಜಮೀನು ಕಾಗದ, ಎಲ್ಲದರಲ್ಲೂ ಅಂಕಿಗಳಿವೆ. 8ರಿಂದ 10ನೇ ತರಗತಿವರೆಗೆ ಬೇಕಾಗುವ ಲೆಕ್ಕವೂ ದೊಡ್ಡದಲ್ಲ. ಕೂಡುವುದು, ಕಳೆಯುವುದು, ಗುಣಾಕಾರ, ಸರಾಸರಿ, ಶೇಕಡಾ, ಅನುಪಾತ, ಇಷ್ಟು ಬಂದರೆ ಸಾಕು.

ಹಂತ 1: ಪ್ರಶ್ನೆ ಮೊದಲು, ಅಂಕಿ ಆಮೇಲೆ

"ಈ ಎರಡು ಇಸವಿ ಕಳೆಯಿರಿ" ಅಂತ ಶುರು ಮಾಡಿದರೆ ಅದು ಗಣಿತದ ಪಿರಿಯಡ್ ಆಗಿಬಿಡುತ್ತದೆ. ಮೊದಲು ಇತಿಹಾಸದ ಒಂದು ಪ್ರಶ್ನೆ ಇಡಿ. "ಭಾರತಕ್ಕೆ ಸ್ವಾತಂತ್ರ್ಯ ಬಂದ ದಿನ ಕಲಬುರಗಿಗೂ ಬಂತಾ?" ಇಲ್ಲ. ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಹಾಗಾದರೆ ಎಷ್ಟು ದಿನ ಕಾಯಬೇಕಾಯ್ತು? ಈಗ ಲೆಕ್ಕಕ್ಕೆ ಕಾರಣ ಸಿಕ್ಕಿತು. 1947ರ ಆಗಸ್ಟ್ 15ರಿಂದ, ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17ರವರೆಗೆ ಮಕ್ಕಳೇ ಎಣಿಸಲಿ. ಬಹಳ ಮಂದಿ 398 ಅನ್ನುತ್ತಾರೆ. 1948 ಅಧಿಕ ವರ್ಷ, ಫೆಬ್ರುವರಿಗೆ 29 ದಿನ ಇತ್ತು, ಆದ್ದರಿಂದ ಸರಿಯಾದ ಉತ್ತರ 399. ಅದೇ ಜೋಶಿನಲ್ಲಿ 1956ರ ನವೆಂಬರ್ 1ರವರೆಗೂ ಹೋಗಿ. ಸಂಸ್ಥಾನದಿಂದ ಬಿಡುಗಡೆಯಾದ ಮೇಲೂ ಕನ್ನಡದ ಒಂದೇ ರಾಜ್ಯಕ್ಕೆ ಸೇರಲು 8 ವರ್ಷ 1 ತಿಂಗಳು 15 ದಿನ ಹಿಡಿಯಿತು. ಲೆಕ್ಕ ಮುಗಿದ ಕೂಡಲೇ ಕೇಳಬೇಕಾದದ್ದು ಒಂದೇ: ಈ 399 ದಿನಗಳಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಏನು ನಡೆಯುತ್ತಿತ್ತು? ಈ ಪ್ರಶ್ನೆ ಕೇಳುವುದಿಲ್ಲ ಅಂದರೆ ಲೆಕ್ಕ ಮಾಡಿಸುವುದೇ ಬೇಡ.

40 ನಿಮಿಷದ ಪಿರಿಯಡ್‌ನಲ್ಲಿ ಲೆಕ್ಕಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಭಾಗಾಕಾರದಲ್ಲೇ ಸಿಕ್ಕಿಬಿದ್ದರೆ ಕ್ಯಾಲ್ಕುಲೇಟರ್ ಕೊಡಿ. ನಾವು ಪರೀಕ್ಷಿಸುತ್ತಿರುವುದು ಅವರ ಮಗ್ಗಿಯನ್ನಲ್ಲ.

ಹಂತ 2: ಕಾಲರೇಖೆಯನ್ನು ನೆಲದ ಮೇಲೆ, ಅಳತೆಗೆ ಸರಿಯಾಗಿ ಬರೆಸಿ

ಬೋರ್ಡಿನ ಮೇಲೆ ನಾವು ಹಾಕುವ ಕಾಲರೇಖೆಯಲ್ಲಿ ಅಶೋಕ, ಅಮೋಘವರ್ಷ, ಬಹಮನಿ, ನಿಜಾಮ, ಎಲ್ಲರೂ ಸಮ ಅಂತರದಲ್ಲಿ ನಿಂತಿರುತ್ತಾರೆ. ಮಕ್ಕಳಿಗೆ ಅದರಿಂದ ತಪ್ಪು ಚಿತ್ರ ಸಿಗುತ್ತದೆ. ಅದರ ಬದಲು ಶಾಲೆಯ ವರಾಂಡ ಅಥವಾ ಮೈದಾನ ಬಳಸಿ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅಶೋಕ ಶಾಸನದಿಂದ ಇವತ್ತಿನವರೆಗೆ ಸುಮಾರು 23 ಮೀಟರ್ ಬೇಕು. ಅಳತೆ ಟೇಪು, ಸುಣ್ಣದ ಪುಡಿ, ಉದ್ದನೆಯ ಹಗ್ಗ ಇದ್ದರೆ ಆಯ್ತು.

ರಾಷ್ಟ್ರಕೂಟ ದೊರೆ ಅಮೋಘವರ್ಷ 814ರಿಂದ 878ರವರೆಗೆ ಮಳಖೇಡದಿಂದ ಆಳಿದ, ಅವನಿಗೆ 64 ಸೆಂಟಿಮೀಟರ್. ಕಲ್ಯಾಣದ ಆರನೇ ವಿಕ್ರಮಾದಿತ್ಯ 1076ರಿಂದ 1126, ಅಂದರೆ 50 ಸೆಂಟಿಮೀಟರ್. ಇಬ್ಬರು ಹುಡುಗರನ್ನು ಇಬ್ಬರು ರಾಜರ ಜಾಗದಲ್ಲಿ ನಿಲ್ಲಿಸಿ, ನಡುವಿನ ಜಾಗ ತೋರಿಸಿ. ಸುಮಾರು ಎರಡು ಮೀಟರ್ ಖಾಲಿ ನೆಲ. ಪುಸ್ತಕದಲ್ಲಿ ಒಂದು ಪುಟ ತಿರುಗಿಸಿದರೆ ದಾಟುವ ಈ ಜಾಗದಲ್ಲಿ ಏಳೆಂಟು ತಲೆಮಾರು ಹುಟ್ಟಿ ಸತ್ತಿದೆ. ಸನ್ನತಿಯಿಂದ ಮಳಖೇಡಕ್ಕೆ ಹೋಗಬೇಕಾದರೆ ಹತ್ತು ಮೀಟರಿಗಿಂತ ಜಾಸ್ತಿ ನಡೆಯಬೇಕು. ಇದನ್ನು ಕಾಲಿನಿಂದ ಅಳೆದ ಮಗು ಮತ್ತೆ ಅಶೋಕನನ್ನೂ ಅಮೋಘವರ್ಷನನ್ನೂ ಅಕ್ಕಪಕ್ಕ ಕೂರಿಸುವುದಿಲ್ಲ.

ಕ್ರಿಸ್ತಪೂರ್ವ ಬಂದಾಗ ಒಂದು ಸೂಕ್ಷ್ಮ ಇದೆ. ಕ್ರಿ.ಪೂ. 1 ಆದ ಮೇಲೆ ನೇರ ಕ್ರಿ.ಶ. 1, ನಡುವೆ ಸೊನ್ನೆ ಇಸವಿ ಇಲ್ಲ. ಹಾಗಾಗಿ ಎರಡನ್ನೂ ಕೂಡಿ ಒಂದು ಕಳೆಯಬೇಕು. ಈ ನಿಯಮ ಕಲಿಸಿ, ಅದರ ಜೊತೆಗೇ ಇನ್ನೊಂದನ್ನೂ ಕಲಿಸಿ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದದ್ದು 1986ರಲ್ಲಿ. ಕೆತ್ತಿದ್ದು ಕ್ರಿ.ಪೂ. ಮೂರನೇ ಶತಮಾನದಲ್ಲಿ, ಹೆಚ್ಚುಕಡಿಮೆ 250 ಅಂತ ಇಟ್ಟುಕೊಳ್ಳೋಣ. 250 ಕೂಡಿಸು 1986 ಕಳೆ 1, ಉತ್ತರ 2235. ಹುಡುಗ "2235 ವರ್ಷ ಸರ್" ಅಂದರೆ ಶಹಬ್ಬಾಸ್ ಅನ್ನಿ, ಆಮೇಲೆ ಕೇಳಿ: ಶುರುವಿನ ಇಸವಿಯೇ ಅಂದಾಜಿನದ್ದು, ಕೊನೆಯಲ್ಲಿ 35 ಅಂತ ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು? "ಸುಮಾರು 2,200 ವರ್ಷ" ಅನ್ನುವುದೇ ಪ್ರಾಮಾಣಿಕ ಉತ್ತರ. ಅಂದಾಜಿನಿಂದ ನಿಖರ ಉತ್ತರ ಹುಟ್ಟುವುದಿಲ್ಲ ಅನ್ನುವುದು ಹತ್ತನೇ ತರಗತಿ ದಾಟುವ ಮುಂಚೆ ಪ್ರತಿ ಮಗುವಿಗೂ ಗೊತ್ತಾಗಬೇಕು.

ಹಂತ 3: ನಮ್ಮೂರಿನ ನಾಲ್ಕು ಕಾಲಗಣನೆ

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ನಮ್ಮ ಸೀಮೆಯಲ್ಲಿ ಒಂದೇ ಊರಿನೊಳಗೆ ಶಕ ವರ್ಷದ ಶಾಸನ, ಹಿಜರಿ ವರ್ಷದ ಫಲಕ, ಫಸಲಿ ವರ್ಷದ ಜಮೀನು ಕಾಗದ ಸಿಗಬಹುದು. ಪ್ರತಿಯೊಂದನ್ನೂ ಇಂಗ್ಲಿಷ್ ಇಸವಿಗೆ ತರುವ ದಾರಿ ಬೇರೆ.

ಶಕ ಸುಲಭ, 78 ಕೂಡಿಸಿ. ವರ್ಷದ ಕೊನೆಯ ತಿಂಗಳುಗಳಿದ್ದರೆ 79. ಒಳ್ಳೆಯ ಅಭ್ಯಾಸ ಬೇಕಾದರೆ ಅಮೋಘವರ್ಷನ ಸಿರೂರು ಶಾಸನ ತೆಗೆದುಕೊಳ್ಳಿ. ಅದರ ಕಾಲ ಶಕ 788, ಅದು ಅವನ ಆಳ್ವಿಕೆಯ 52ನೇ ವರ್ಷ ಅಂತ ಶಾಸನವೇ ಹೇಳುತ್ತದೆ. 788 ಕೂಡಿಸು 78, ಅಂದರೆ 866. 52ನೇ ವರ್ಷ ನಡೆಯುತ್ತಿತ್ತು ಅಂದರೆ ಪೂರ್ತಿಯಾದದ್ದು 51, ಹಾಗಾಗಿ ಪಟ್ಟಕ್ಕೆ ಬಂದದ್ದು 814 ಅಥವಾ 815. ಪಟ್ಟಕ್ಕೆ ಬಂದ ಇಸವಿಯನ್ನು ಪುಸ್ತಕದಿಂದ ಕಂಠಪಾಠ ಮಾಡುವುದಕ್ಕೂ ಕಲ್ಲಿನ ಮೇಲಿನ ಮಾತಿನಿಂದ ತಾವೇ ಕಂಡುಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಲ್ವಾ? ಇತಿಹಾಸಕಾರರು ಇಸವಿಯನ್ನು ಹೇಗೆ ಹಿಡಿಯುತ್ತಾರೆ ಅನ್ನುವುದು ಒಂದೇ ಲೆಕ್ಕದಲ್ಲಿ ತಿಳಿಯುತ್ತದೆ.

ಕಲ್ಯಾಣದ ಕಡೆಯ ಶಾಸನಗಳಲ್ಲಿ ಚಾಲುಕ್ಯ ವಿಕ್ರಮ ವರ್ಷ ಬರುತ್ತದೆ. ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ 1076ರಿಂದ ಅದರ ಎಣಿಕೆ ಶುರು. ಆ ವರ್ಷವೇ ಒಂದನೆಯದು, ಹಾಗಾಗಿ ಕೂಡಿಸಬೇಕಾದದ್ದು 1076 ಅಲ್ಲ, 1075. ಯಾಕೆ ಅಂತ ಮಕ್ಕಳಿಂದಲೇ ಹೇಳಿಸಿ.

ಹಿಜರಿಯಲ್ಲಿ ನಿಜವಾದ ಗಣಿತ ಇದೆ. ಅದು ಚಂದ್ರನ ವರ್ಷ, ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಅದಕ್ಕೇ ರಂಜಾನ್ ಪ್ರತಿ ವರ್ಷ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಮಕ್ಕಳಿಗೆ ಇದು ಅನುಭವದಿಂದ ಗೊತ್ತಿರುತ್ತದೆ, ಅದನ್ನು ಅವರ ಬಾಯಿಂದಲೇ ಬರಿಸಿ. ಪರಿವರ್ತನೆಗೆ ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿ. ಒಂದು ವರ್ಷ ಆಚೀಚೆ ಆಗಬಹುದು, ಶಾಲೆಯ ಮಟ್ಟಕ್ಕೆ ಸಾಕು. ಬೀದರಿನ ಮಹಮೂದ್ ಗವಾನ್ ಮದರಸಾದ ಕಾಲ ಹಿಜರಿ 877. 877 ಗುಣಿಸು 0.97 ಅಂದರೆ 850.69. ಅದಕ್ಕೆ 622 ಕೂಡಿಸಿದರೆ 1472.69. ಪುಸ್ತಕದಲ್ಲಿ ಇರುವುದೂ 1472. ಕಲಬುರಗಿ ಕೋಟೆಯ ಜಾಮಿ ಮಸೀದಿಯದ್ದು ಹಿಜರಿ 769, ಅದನ್ನು ಮಕ್ಕಳಿಗೇ ಬಿಡಿ. 1367 ಬರಬೇಕು.

ಇಷ್ಟಾದ ಮೇಲೆ ಕಲಬುರಗಿಯ ಸೂಫಿ ಸಂತ ಖಾಜಾ ಬಂದೇನವಾಜರ ವಯಸ್ಸಿನ ಪ್ರಶ್ನೆ ಹಾಕಿ. ಒಂದು ಕಡೆ 104 ವರ್ಷ ಬದುಕಿದರು ಅಂತ ಓದುತ್ತೇವೆ, ಇನ್ನೊಂದು ಕಡೆ 101 ಅಂತ. ಯಾವುದು ಸುಳ್ಳು? ಎರಡೂ ನಿಜ. ಹಿಜರಿ 721ರಿಂದ 825, ಅದು 104. ಇಂಗ್ಲಿಷ್ ಇಸವಿ 1321ರಿಂದ 1422, ಅದು 101. ನಂಬದವರು 104ನ್ನು 354ರಿಂದ ಗುಣಿಸಿ 365ರಿಂದ ಭಾಗಿಸಲಿ, 100.87 ಬರುತ್ತದೆ. ಎರಡು ಆಧಾರಗಳು ಬೇರೆ ಬೇರೆ ಅಂಕಿ ಕೊಟ್ಟ ಕೂಡಲೇ ಒಂದು ತಪ್ಪು ಅಂತ ತೀರ್ಪು ಕೊಡಬಾರದು, ಅಳತೆಗೋಲು ಒಂದೇನಾ ಅಂತ ಮೊದಲು ನೋಡಬೇಕು. ದರ್ಗಾದ ಉರುಸಿಗೆ ಹೋಗಿಬಂದ ಮಕ್ಕಳಿಗೆ ಈ ಲೆಕ್ಕ ತುಂಬಾ ಹಿಡಿಸುತ್ತದೆ.

ಫಸಲಿ ನಿಜಾಮರ ಆಡಳಿತದ ವರ್ಷ, ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ 590 ಕೂಡಿಸಿ, ಜನವರಿ ಬಂದ ಮೇಲೆ 591. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಪೊಲೀಸ್ ಕಾರ್ಯಾಚರಣೆ ನಡೆದದ್ದು ಫಸಲಿ 1357ರಲ್ಲಿ. ಮನೆಯಲ್ಲಿ ಹಳೇ ಕಂದಾಯದ ಕಾಗದ ಇದ್ದರೆ ಫಸಲಿ ವರ್ಷವನ್ನು ಮಾತ್ರ ಬರೆದುಕೊಂಡು ಬರಲು ಹೇಳಿ. ಮೂಲ ಕಾಗದವನ್ನು ಶಾಲೆಗೆ ತರಿಸಬೇಡಿ. ಹರಿದರೆ, ಕಳೆದರೆ ಆ ಮನೆಗೆ ದೊಡ್ಡ ತೊಂದರೆ. ಸರ್ವೆ ನಂಬರ್, ಹೆಸರು ಕೂಡ ಕ್ಲಾಸಿನಲ್ಲಿ ಬೇಡ.

ಹಂತ 4: ಸರಾಸರಿ ಮಾಡಿಸಿ, ಆಮೇಲೆ ಸರಾಸರಿಯನ್ನೇ ಪ್ರಶ್ನಿಸಿ

ಕಲಬುರಗಿಯಲ್ಲಿ 1347ರಿಂದ 1422ರವರೆಗೆ ಎಂಟು ಬಹಮನಿ ಸುಲ್ತಾನರು ಆಳಿದರು. 75ನ್ನು 8ರಿಂದ ಭಾಗಿಸಿದರೆ ಒಬ್ಬರಿಗೆ 9 ವರ್ಷ ಚಿಲ್ಲರೆ. ಈಗ ಪಟ್ಟಿ ಕೊಡಿ. ಹಸನ್ ಬಹಮನ್ ಷಾ 11 ವರ್ಷ, ಒಂದನೇ ಮುಹಮ್ಮದ್ 17, ಮುಜಾಹಿದ್ 3, ದಾವೂದ್ ಒಂದು ವರ್ಷವೂ ಇಲ್ಲ, ಎರಡನೇ ಮುಹಮ್ಮದ್ 19, ಘಿಯಾಸುದ್ದೀನ್ ಮತ್ತು ಶಂಸುದ್ದೀನ್ ಇಬ್ಬರೂ 1397ರೊಳಗೇ ಬಂದು ಹೋದರು, ಫಿರೋಜ್ ಷಾ 25. ಒಂಬತ್ತು ವರ್ಷದ ಹತ್ತಿರ ಆಳಿದವರು ಯಾರಾದರೂ ಇದ್ದಾರಾ? ಒಬ್ಬರೂ ಇಲ್ಲ. ಏರಿಕೆ ಕ್ರಮದಲ್ಲಿಟ್ಟು ಮಧ್ಯಾಂಕ ತೆಗೆದರೆ 3 ಮತ್ತು 11ರ ನಡುವೆ, ಅಂದರೆ 7. ಗಣಿತದಲ್ಲಿ ಸರಾಸರಿ, ಮಧ್ಯಾಂಕ ಎರಡನ್ನೂ ಕಲಿತಿರುತ್ತಾರೆ. ಯಾಕೆ ಎರಡು ಬೇಕು ಅಂತ ಅರ್ಥವಾಗುವುದು ಇಲ್ಲಿ.

ಕಂಬ ನಕ್ಷೆ ಹಾಕಿಸಿದರೆ ಇನ್ನೂ ಚೆನ್ನ. ಉದ್ದ ಕಂಬಗಳ ನಡುವೆ ಮೂರು ಕಂಬ ನೆಲಕ್ಕೇ ಅಂಟಿಕೊಂಡಿರುತ್ತವೆ. ಅವುಗಳ ಮೇಲೆ ಬೆರಳಿಟ್ಟು, ಇಲ್ಲಿ ಏನಾಯ್ತು ಅಂತ ಕೇಳಿ. ಸಿಂಹಾಸನದ ಜಗಳ, ಕೊಲೆ, ಕಣ್ಣು ಕೀಳುವುದು, ಎಲ್ಲ ಕಥೆ ಆ ಮೂರು ಚಿಕ್ಕ ಕಂಬಗಳಲ್ಲಿದೆ.

ಹಂತ 5: ಕಟ್ಟಡವನ್ನು ಅಳೆದು ಅಂದಾಜು ಮಾಡುವುದು

ಜಾಮಿ ಮಸೀದಿ 216 ಅಡಿಗೆ 176 ಅಡಿ, ಅಂದರೆ 38,016 ಚದರ ಅಡಿ. ಅಂಗಳ ಇಲ್ಲದೆ ಪೂರ್ತಿ ಚಾವಣಿ ಇರುವುದೇ ಅದರ ವಿಶೇಷ. ನಮಾಜಿಗೆ ಒಬ್ಬರಿಗೆ 2 ಅಡಿಗೆ 4 ಅಡಿ ಜಾಗ ಅಂತ ಹಿಡಿದರೆ 8 ಚದರ ಅಡಿ. ಭಾಗಿಸಿದರೆ 4,752. ಕಂಬ, ಗೋಡೆ, ಓಡಾಡುವ ಜಾಗ ಕಳೆಯಬೇಕಲ್ಲ? ಎಷ್ಟು ಕಳೆಯಬೇಕು ಅಂತ ಗುಂಪುಗಳು ವಾದ ಮಾಡಲಿ. ಒಬ್ಬರು ಮೂರೂವರೆ ಸಾವಿರ ಅಂದರೂ ಇನ್ನೊಬ್ಬರು ನಾಲ್ಕು ಸಾವಿರ ಅಂದರೂ ಸರಿ, ಕಾರಣ ಕೊಡಬೇಕು ಅಷ್ಟೇ. ಆಮೇಲೆ ಇತಿಹಾಸಕ್ಕೆ ವಾಪಸ್ ಬನ್ನಿ. ರಾಜಧಾನಿಯಾಗಿ ಇಪ್ಪತ್ತೇ ವರ್ಷವಾದ ಊರಿನ ಕೋಟೆಯೊಳಗೆ ಇಷ್ಟು ಜನಕ್ಕೆ ಜಾಗ ಕಟ್ಟಿದರು ಅಂದರೆ ಆ ರಾಜ್ಯ ತನ್ನ ಬಗ್ಗೆ ಏನು ಅಂದುಕೊಂಡಿತ್ತು?

ಬೀದರಿನವರು ಮದರಸಾ ತೆಗೆದುಕೊಳ್ಳಿ. 205 ಅಡಿಗೆ 180 ಅಡಿ, ಅಂದರೆ 36,900 ಚದರ ಅಡಿ. ಹೆಚ್ಚುಕಡಿಮೆ ಕಲಬುರಗಿ ಮಸೀದಿಯಷ್ಟೇ ನೆಲ, ಆದರೆ ಇದರ ನಡುವೆ ತೆರೆದ ಅಂಗಳ, ಸುತ್ತ ಮೂರು ಅಂತಸ್ತು. ಯಾದಗಿರಿ ಕಡೆಯವರು ತಮ್ಮ ಬೆಟ್ಟದ ಕೋಟೆಯಲ್ಲಿ ಹೆಜ್ಜೆಯಿಂದಲೇ ಅಳೆಯಬಹುದು. ಪ್ರತಿ ಮಗು ತನ್ನ ಹೆಜ್ಜೆ ಎಷ್ಟು ಸೆಂಟಿಮೀಟರ್ ಅಂತ ಮೊದಲು ಶಾಲೆಯಲ್ಲೇ ಅಳೆದುಕೊಂಡು ಹೋಗಬೇಕು, ಇಲ್ಲವಾದರೆ ಎಣಿಸಿ ಏನೂ ಉಪಯೋಗವಿಲ್ಲ.

ಹಂತ 6: ದುಡ್ಡಿನ ಅನುಪಾತ

ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷ್ ಭಾರತದ ರೂಪಾಯಿಗೆ ಇಲ್ಲಿ ಕಲ್ದಾರ್ ಅನ್ನುತ್ತಿದ್ದರು. 7 ಹಾಲಿ ಅಂದರೆ 6 ಕಲ್ದಾರ್. ಒಬ್ಬ ವ್ಯಾಪಾರಿ 84 ಹಾಲಿ ತೆಗೆದುಕೊಂಡು ಸೊಲ್ಲಾಪುರಕ್ಕೆ ಹೋದರೆ ಅಲ್ಲಿ ಅವನ ಕೈಯಲ್ಲಿ ಎಷ್ಟು? 72. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ದಶಮಾಂಶ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಮನೆಯ ಹಿರಿಯರು ಈಗಲೂ ಎಂಟಾಣೆ, ನಾಲ್ಕಾಣೆ ಅನ್ನುತ್ತಾರಲ್ಲ, ಆ ಎಂಟು ಎಲ್ಲಿಂದ ಬಂತು ಅಂತ ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬರಲಿ.

ಹಂತ 7: ಜನಗಣತಿಯ ಬಲೆ

2001ರ ಜನಗಣತಿಯಲ್ಲಿ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922. 2011ರಲ್ಲಿ 25,66,326. ಈ ಎರಡನ್ನು ಮಾತ್ರ ಬೋರ್ಡಿನ ಮೇಲೆ ಬರೆದು, ಏನಾಯ್ತು ಅಂತ ಕೇಳಿ. ಬರಗಾಲ, ಗುಳೆ, ರೋಗ, ಎಲ್ಲ ಕಾರಣ ಬರುತ್ತವೆ. ಬರಲಿ, ತಡೆಯಬೇಡಿ. ಎಲ್ಲ ಬರೆದುಕೊಂಡ ಮೇಲೆ ಮೂರನೇ ಅಂಕಿ ಬರೆಯಿರಿ. 2011ರಲ್ಲಿ ಯಾದಗಿರಿ ಜಿಲ್ಲೆ 11,74,271. ನಡುವೆ ಜಿಲ್ಲೆಯೇ ಎರಡಾಗಿತ್ತು. ಕೂಡಿದರೆ 37,40,597. ಜನ ಕಡಿಮೆಯಾಗಿಲ್ಲ, ಶೇಕಡಾ 19.5ರಷ್ಟು ಹೆಚ್ಚಾಗಿದ್ದಾರೆ. ಎರಡು ಕಾಲದ ಅಂಕಿ ಹೋಲಿಸುವ ಮುಂಚೆ ಗಡಿ ಒಂದೇನಾ ಅಂತ ನೋಡಬೇಕು ಅನ್ನುವುದನ್ನು ಹೀಗೆ ಒಮ್ಮೆ ಕಲಿತರೆ ಮರೆಯುವುದಿಲ್ಲ.

ಸಾಕ್ಷರತೆಯಲ್ಲೂ ಇದೇ ಎಚ್ಚರ ಬೇಕು. 2011ರಲ್ಲಿ ರಾಜ್ಯ 75.36, ಬೀದರ 70.51, ಕಲಬುರಗಿ 64.85, ಯಾದಗಿರಿ 51.83. ಇದು ಒಟ್ಟು ಜನರ ಶೇಕಡಾ ಅಲ್ಲ, 7 ವರ್ಷ ಮತ್ತು ಅದಕ್ಕಿಂತ ದೊಡ್ಡವರದ್ದು. ಯಾದಗಿರಿಯಲ್ಲಿ ಗಂಡಸರು 62.25, ಹೆಂಗಸರು 41.38. ನಡುವಿನ ಅಂತರ ಸುಮಾರು 21 ಶೇಕಡಾ ಅಂಶ. "ಶೇಕಡಾ 21 ಕಡಿಮೆ" ಅಂತ ಬರೆದರೆ ತಪ್ಪಾಗುತ್ತದೆ, ಯಾಕಂದರೆ 62.25ಕ್ಕೆ ಹೋಲಿಸಿದರೆ ಅದು ಮೂರರಲ್ಲಿ ಒಂದು ಭಾಗದಷ್ಟು ಕಡಿಮೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಯಾಕೆ ಬಂತು ಅನ್ನುವ ಪಾಠವನ್ನು ಈ ಪಟ್ಟಿಯಿಂದಲೇ ಶುರು ಮಾಡಬಹುದು. ಮಕ್ಕಳು ತಮ್ಮ ಜಿಲ್ಲೆಯ ಅಂಕಿ ನೋಡಿ ಬೇಜಾರು ಮಾಡಿಕೊಂಡರೆ ಆ ಮಾತನ್ನು ಹಾರಿಸಿ ಮುಂದೆ ಹೋಗಬೇಡಿ. ಈ ಅಂತರ ಹೇಗೆ ಬೆಳೆಯಿತು ಅನ್ನುವುದೇ ಆ ದಿನದ ಇತಿಹಾಸ.

ಹಂತ 8: ದೊಡ್ಡ ಅಂಕಿಗಳನ್ನು ತೂಗಿ ನೋಡುವುದು, ಮತ್ತು ಎಲ್ಲಿ ನಿಲ್ಲಬೇಕು

ಹಳೇ ಗ್ರಂಥಗಳಲ್ಲಿ ಸೈನ್ಯದ ಅಂಕಿ ಉಬ್ಬಿರುತ್ತದೆ. ಹತ್ತು ಸಾವಿರ ಕುದುರೆ ಅಂತ ಒಂದು ಕಡೆ ಬಂತು ಅಂದುಕೊಳ್ಳಿ. ಒಂದು ಕುದುರೆಗೆ ದಿನಕ್ಕೆ ಕಡಿಮೆ ಅಂದರೂ 30 ಲೀಟರ್ ನೀರು ಬೇಕು. ಒಟ್ಟು 3 ಲಕ್ಷ ಲೀಟರ್. ಬೇಸಿಗೆಯಲ್ಲಿ ನಮ್ಮ ಕರಿನೆಲದಲ್ಲಿ ಅಷ್ಟು ನೀರು ಎಲ್ಲಿ ಸಿಗುತ್ತದೆ? ಭೀಮಾ, ಕೃಷ್ಣಾ ದಂಡೆ ಬಿಟ್ಟರೆ ಕಷ್ಟ. ದಂಡು ಯಾವ ದಾರಿ ಹಿಡಿಯುತ್ತಿತ್ತು, ಯಾವ ತಿಂಗಳು ಹೊರಡುತ್ತಿತ್ತು ಅನ್ನುವ ಚರ್ಚೆ ತಾನಾಗಿಯೇ ಹುಟ್ಟುತ್ತದೆ.

ಕಳಿಂಗ ಯುದ್ಧದ ಅಂಕಿ ಬೇರೆ ಥರದ್ದು. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು, ಒಂದು ಲಕ್ಷ ಜನ ಸತ್ತರು ಅಂತ ಅಶೋಕನೇ ಹದಿಮೂರನೇ ಬಂಡೆ ಶಾಸನದಲ್ಲಿ ಹೇಳುತ್ತಾನೆ. ಸನ್ನತಿಯಲ್ಲಿ ಆ ಹದಿಮೂರನೆಯದು ಇಲ್ಲ. ಹನ್ನೆರಡು, ಹದಿನಾಲ್ಕು ಮತ್ತು ಎರಡು ಪ್ರತ್ಯೇಕ ಶಾಸನಗಳು ಸಿಕ್ಕಿವೆ. ಒಂದು ಲಕ್ಷ, ಒಂದೂವರೆ ಲಕ್ಷ ಅನ್ನುವ ಇಷ್ಟು ಸಪಾಟಾದ ಸಂಖ್ಯೆ ಎಣಿಸಿ ಬಂದದ್ದೋ, "ಲೆಕ್ಕವಿಲ್ಲದಷ್ಟು" ಅಂತ ಹೇಳುವ ರೀತಿಯೋ? ಗೆದ್ದ ರಾಜನೇ ಸತ್ತವರ ಸಂಖ್ಯೆ ಯಾಕೆ ಹೇಳಿಕೊಂಡ? ಈ ಎರಡು ಪ್ರಶ್ನೆಗೆ ಒಂದು ಪಿರಿಯಡ್ ಕೊಡಿ.

ಆದರೆ ಸತ್ತವರ ಅಂಕಿಯನ್ನು ಸುಮ್ನೆ ಶೇಕಡಾ ಅಭ್ಯಾಸಕ್ಕೆ ಬಳಸಬೇಡಿ. ಇದರಲ್ಲಿ ನಾನು ಗಟ್ಟಿ. 1948ರ ವಿಷಯ ಬಂದಾಗಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. ನಿಜಾಮರ ಪರ ನಿಂತ ಖಾಸಗಿ ಪಡೆಯಾದ ರಜಾಕಾರರ ಕಾಲದ ನೋವು, ಪೊಲೀಸ್ ಕಾರ್ಯಾಚರಣೆಯ ಆಮೇಲಿನ ನೋವು, ಎರಡೂ ನಮ್ಮ ಕ್ಲಾಸಿನಲ್ಲಿ ಕೂತ ಮಕ್ಕಳ ಮನೆಗಳಲ್ಲೇ ಇವೆ. ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಇಡೀ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಹತ್ತನೇ ತರಗತಿಗೆ ಇದನ್ನು ಹೇಳುವುದಾದರೆ, ಒಂದೇ ಸಂಖ್ಯೆಯ ಬದಲು ಎರಡು ಸಂಖ್ಯೆ ಯಾಕೆ ಕೊಟ್ಟರು, ಎಣಿಸಲು ಏನು ಅಡ್ಡಿ ಇತ್ತು ಅನ್ನುವಲ್ಲಿ ನಿಲ್ಲಿಸಿ. ಕೂಡುವುದು ಕಳೆಯುವುದು ಬೇಡ, ಮಕ್ಕಳಿಗೆ ಮಾತಾಡಲು ಸಮಯ ಕೊಡಿ.

ಹಂತ 9: ಅಂಕ ಕೊಡುವುದು

ನಾಲ್ಕು ಅಂಕದ ಪ್ರಶ್ನೆಯಾದರೆ ಲೆಕ್ಕಕ್ಕೆ ಒಂದು, ಮಾನ ಬರೆದಿದ್ದಕ್ಕೆ ಒಂದು, ಅರ್ಥ ಹೇಳಿದ್ದಕ್ಕೆ ಎರಡು. ಮಾನ ಅಂದರೆ ಹಿಜರಿಯೋ ಶಕವೋ, ಅಡಿಯೋ ಮೀಟರೋ, ಹಾಲಿಯೋ ಕಲ್ದಾರೋ ಅನ್ನುವುದು. ಕೂಡುವಲ್ಲಿ ತಪ್ಪಿದರೂ ಆ ಉತ್ತರದಿಂದ ಸರಿಯಾಗಿ ಯೋಚಿಸಿದ್ದರೆ ಅರ್ಥದ ಎರಡು ಅಂಕ ಕೊಡಿ. ಹಿಂದುಳಿದ ಮಕ್ಕಳಿಗೆ "ಈ ಅಂಕಿ ತೋರಿಸುವುದು... ಇದು ತೋರಿಸದೆ ಇರುವುದು..." ಅಂತ ಎರಡು ಅರ್ಧ ವಾಕ್ಯ ಬರೆದು ಕೊಟ್ಟರೆ ಅವರೂ ಮುಗಿಸುತ್ತಾರೆ.

ಪಾಠ ಯೋಜನೆ ಬರೆಯುವ ಮುಂಚೆ ನಿಮ್ಮ ಶಾಲೆಯ ಗಣಿತದ ಮಾಸ್ತರರ ಹತ್ತಿರ ಕೂತು ಅನುಪಾತ, ಮಧ್ಯಾಂಕ, ಶೇಕಡಾ ಯಾವ ತಿಂಗಳು ಬರುತ್ತವೆ ಅಂತ ಕೇಳಿಕೊಳ್ಳಿ. ಅವರು ಮಧ್ಯಾಂಕ ಮುಗಿಸಿದ ವಾರ ನೀವು ಎಂಟು ಸುಲ್ತಾನರ ಪಟ್ಟಿ ತೆಗೆದರೆ ಅರ್ಧ ಕೆಲಸ ಆದಂತೆಯೇ. ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ ಹಿಜರಿಯಿಂದ ಶುರು ಮಾಡಿ, ಒಂದು ಚಾಕ್‌ಪೀಸ್ ಬಿಟ್ಟು ಬೇರೇನೂ ಬೇಡ.